ಮೆಗ್ಗರ್ ಸುಳ್ಳು ಹೇಳಲ್ಲ ಅಂದವರ್ಯಾರು?

ಹೊರಗಿನವರು ಹಟ್ಟಿಗೆ ಬಂದರೆ ಮೊದಲು ಕೇಳುವುದು ಚಿನ್ನದ ಸುದ್ದಿ. ದಿನಕ್ಕೆ ಎಷ್ಟು ತೆಗೀತೀರಿ, ಕಲ್ಲಿನಲ್ಲಿ ಕಣ್ಣಿಗೆ ಕಾಣಿಸುತ್ತದಾ, ಮೇಲೆ ಬರುವಾಗ ಜೇಬು ತಡಕುತ್ತಾರಾ, ಹೀಗೆ. ಊರಿನವರಿಗೆ ಆ ಉಸಾಬರಿ ಇಲ್ಲ. ಟನ್‌ಗಟ್ಟಲೆ ಕಲ್ಲು ಅರೆದರೆ ಗ್ರಾಂ ಲೆಕ್ಕದಲ್ಲಿ ಸಿಗುವ ವಸ್ತು, ಅದೂ ಕಂಪನಿಯದು. ಸಂಜೆ ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ನಾವು ಮಾತಾಡುವುದು ನಳ ಎಷ್ಟು ಹೊತ್ತಿಗೆ ಬಂತು, ಕರೆಂಟ್ ಯಾಕೆ ಹೋಯಿತು, ಯಾರ ಬೋರಿನ ಮೋಟರ್ ಸುಟ್ಟಿತು ಎಂಬುದನ್ನೇ. ಈ ಮೂರರಲ್ಲಿ ಎರಡಕ್ಕೆ ಪಕ್ಕದ ಮನೆಯ ಕಾಕಾನ ಹತ್ತಿರ ಖಡಕ್ ಉತ್ತರ ಇರುತ್ತದೆ. ಗಣಿ ಕಂಪನಿಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ಆಯುಷ್ಯ ಸವೆಸಿ ರಿಟೈರ್ ಆದವರು. ಶಾಫ್ಟಿನ ಕೆಳಗೂ ದುಡಿದಿದ್ದಾರೆ, ಮೇಲೂ ದುಡಿದಿದ್ದಾರೆ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿದ ಮಾಸ್ತರ. ಓಮನ ನಿಯಮವನ್ನು ನಾನು ಬೋರ್ಡಿನ ಮೇಲೆ ಬರೆದೆ, ಅವರು ಬರಿಗೈಯಲ್ಲಿ ಮುಟ್ಟಿ ನೋಡಿದರು. ಈ ವ್ಯತ್ಯಾಸವನ್ನು ಅವರು ಆಗಾಗ ನೆನಪು ಮಾಡಿಕೊಡುತ್ತಾರೆ.

ಮೊನ್ನೆ ಅವರ ತಂಗಿಯ ಮಗ ಬಂದಿದ್ದ. ಐಟಿಐ ಮುಗಿಸಿ, ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಗೋಡೆ ಕೊರೆದು ಪೈಪ್ ಕೂರಿಸಿ, ಈಗ ವೈರ್‌ಮನ್ ಪರ್ಮಿಟ್ ಕೈಗೆ ಬಂದಿದೆ. ಸ್ವಂತ ಕೆಲಸ ಹಿಡಿಯುವ ಹುಮ್ಮಸ್ಸು. ಮೀಟರ್ ಕೊಳ್ಳಬೇಕು, ಯಾವುದು ಕೊಳ್ಳಲಿ ಅಂತ ಮಾಮನ ಮುಂದೆ ಮೊಬೈಲ್ ಹಿಡಿದ.

"ಮಾಮಾ, ಈ ಹಳದಿದು ನೋಡು. ಐನೂರು ರೂಪಾಯಿ ಒಳಗ ಬರ್ತೈತಿ. ವೋಲ್ಟು, ಓಮು, ಆಂಪು ಎಲ್ಲ ಅದಾವು."

"ಎಲ್ಲ ಅದಾವು ಖರೆ. ನಿನ್ನ ಜೀವಕ್ಕ ಜಾಮೀನು ಐತೇನು?"

ಹುಡುಗ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲೆ ಮೊಣಕೈ ಊರಿದೆ. ಇಂಥ ಮಾತು ಶುರುವಾದರೆ ಒಳಗಿನಿಂದ ಚಹಾ ಬರುವವರೆಗೂ ನಿಲ್ಲುವುದಿಲ್ಲ ಎಂಬುದು ನನಗೆ ಗೊತ್ತು.

ಕಾಕಾನ ಮೊದಲ ಸಿಟ್ಟು ಟೆಸ್ಟರ್ ಮೇಲೆ. ಪ್ರತಿ ವೈರ್‌ಮನ್ನನ ಅಂಗಿ ಜೇಬಿನಲ್ಲಿ ಪೆನ್ನಿಗಿಂತ ಮೊದಲು ಕಾಣುವ ಆ ಸ್ಕ್ರೂಡ್ರೈವರ್, ಒಳಗೊಂದು ಪುಟ್ಟ ನಿಯಾನ್ ದೀಪ, ಹಿಂದೊಂದು ದೊಡ್ಡ ರೆಸಿಸ್ಟರ್. "ಅದು ಹತ್ತಿದ್ರ ಕರೆಂಟ್ ಐತಿ ಅಂತ ನಂಬು. ಹತ್ತಲಿಲ್ಲ ಅಂದ್ರ ಇಲ್ಲ ಅಂತ ನಂಬಬ್ಯಾಡ" ಅಂದರು. ಕಾರಣವೂ ಸರಿಯಾಗಿದೆ. ಆ ದೀಪ ಉರಿಯಬೇಕಾದರೆ ನಮ್ಮ ಮೈಯ ಮೂಲಕವೇ ನೆಲಕ್ಕೆ ಅಷ್ಟಿಷ್ಟು ಕರೆಂಟ್ ಹರಿಯಬೇಕು. ಒಣಗಿದ ಕಟ್ಟಿಗೆ ಸ್ಟೂಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಂತರೆ ದೀಪ ಮಂಕಾಗುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ, ಹೊಲದ ಸ್ಟಾರ್ಟರ್ ಡಬ್ಬಿಯ ಮುಂದೆ, ಉರಿದರೂ ಕಾಣುವುದಿಲ್ಲ. ನಮ್ಮ ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಹೆಡ್‌ಲೈಟೇ ಕಾಣುವುದಿಲ್ಲ, ಇನ್ನು ನಿಯಾನ್ ಎಲ್ಲಿಯ ಮಾತು.

"ಹಂಗಾದ್ರ ಟಾಂಗ್ ಟೆಸ್ಟರ್ ತಗೊಳ್ಳಲಾ?" ಅಂದ ಹುಡುಗ. ಅವನ ಮನಸ್ಸು ಅಲ್ಲೇ ಇದೆ. ತಂತಿಯನ್ನು ಇಕ್ಕಳದಂತೆ ಕಚ್ಚಿ ಆಂಪ್ ಅಳೆಯುವ ಆ ಮೀಟರನ್ನು ಸೊಂಟಕ್ಕೆ ಸಿಗಿಸಿಕೊಂಡರೆ ಗಿರಾಕಿ ಮುಂದೆ ಒಂದು ವಜನು ಬರುತ್ತದೆ, ಕೂಲಿಯೂ ಒಂದಿಷ್ಟು ಜಾಸ್ತಿ ಕೇಳಬಹುದು. ಕಾಕಾ ತಲೆ ಅಲ್ಲಾಡಿಸಿದರು. ಮೊದಲು ಮೆಗ್ಗರ್. ಆಮೇಲೆ ಒಂದು ನೆಟ್ಟಗಿನ ಮಲ್ಟಿಮೀಟರ್. ಟಾಂಗ್ ಟೆಸ್ಟರ್ ದುಡ್ಡು ಕೂಡಿದ ಮೇಲೆ. ಅರ್ಥ್ ಟೆಸ್ಟರ್ ಬೇಕೇ ಬೇಕು, ಆದರೆ ದಿನಾ ಬೇಕಾಗುವುದಿಲ್ಲ, ನಾಲ್ಕು ಜನ ಗೆಳೆಯರು ಪಟ್ಟಿ ಹಾಕಿ ಒಂದು ತಂದುಕೊಳ್ಳಿ. ಈ ಸರದಿಯನ್ನು ಅವರು ಬೆರಳು ಮಡಿಸಿ ಹೇಳಿದರು. ನನಗೂ ಅದು ಸರಿಯೆನಿಸಿತು. ಬಲ್ಬ್ ಉರಿಯಿತು, ಫ್ಯಾನ್ ತಿರುಗಿತು ಅಂದರೆ ವೈರಿಂಗ್ ಮುಗಿಯಿತು ಅಂತಲೇ ನಮ್ಮ ಕಡೆ ಲೆಕ್ಕ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಗಟ್ಟಿ ಇದೆಯೋ, ಪೈಪಿನೊಳಗೆ ಎಳೆಯುವಾಗ ಸಿಪ್ಪೆ ಸುಲಿಯಿತೋ ಎಂಬುದನ್ನು ಬಲ್ಬ್ ಹೇಳುವುದಿಲ್ಲ. ಅದನ್ನು ಹೇಳುವುದು ಮೆಗ್ಗರ್ ಒಂದೇ.

ಮೆಗ್ಗರ್ ಎಂಬುದು ಲಂಡನ್ನಿನ ಎವರ್‌ಶೆಡ್ ಅಂಡ್ ವಿನ್ಯೋಲ್ಸ್ ಕಂಪನಿ 1903ರಲ್ಲಿ ನೋಂದಾಯಿಸಿಕೊಂಡ ಹೆಸರು. ಅದಕ್ಕೆ ಒಂದು ವರ್ಷ ಮುಂಚೆ, 1902ರಲ್ಲಿ, ಶಿವನಸಮುದ್ರದ ಕರೆಂಟ್ 92 ಮೈಲಿ ತಂತಿ ಹಾದು ಕೋಲಾರದ ಚಿನ್ನದ ಗಣಿಗೆ ಮುಟ್ಟಿತ್ತು. ಕತ್ತಲು, ಕೆಸರು, ಮೇಲಿನಿಂದ ಜಿನುಗುವ ನೀರು, ಅದರ ನಡುವೆ ಕೇಬಲ್. ಅಂಥ ಕಡೆ ಹೊದಿಕೆಯ ಗಟ್ಟಿತನ ಅಳೆಯದೆ ಸ್ವಿಚ್ ಒತ್ತಿದರೆ ಏನಾದೀತು? ಗಣಿಯಿದ್ದ ಕಡೆ ಮೆಗ್ಗರ್ ಬೇರು ಬಿಡಲೇಬೇಕಾಗಿತ್ತು. ನಮ್ಮ ಹಟ್ಟಿಯ ಕಂಪನಿ ಹುಟ್ಟಿದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಂಪನಿಗೂ ಹಟ್ಟಿಯ ಹೆಸರು ಬಂತು. ಕಾಕಾ ಕೆಲಸಕ್ಕೆ ಸೇರಿದ ಕಾಲಕ್ಕೆ ಕೈಯಿಂದ ತಿರುಗಿಸುವ ಮೆಗ್ಗರೇ ಬಳಕೆಯಲ್ಲಿತ್ತು.

ಅಂಥದ್ದೊಂದು ಅವರ ಮನೆಯಲ್ಲಿ ಈಗಲೂ ಇದೆ. ಒಳಗಿನಿಂದ ತಂದು ಗೋಡೆಯ ಮೇಲೆ ಇಟ್ಟರು. ಕಪ್ಪು ಡಬ್ಬಿ, ಪಕ್ಕದಲ್ಲಿ ಮಡಚುವ ಹಿಡಿಕೆ, ಗಾಜಿನ ಕೆಳಗೆ ಮುಳ್ಳು. ಮುಳ್ಳು ಎಲ್ಲೋ ಮಧ್ಯದಲ್ಲಿ ಅಡ್ಡಾದಿಡ್ಡಿ ನಿಂತಿತ್ತು. "ಕೆಟ್ಟೈತಿ ಮಾಮಾ" ಅಂದ ಹುಡುಗ. ಕೆಟ್ಟಿಲ್ಲ. ಇದರ ಮುಳ್ಳಿಗೆ ಹಿಂದಕ್ಕೆ ಎಳೆಯುವ ಸ್ಪ್ರಿಂಗೇ ಇಲ್ಲ. ಒಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಸುರುಳಿ, ಒಂದು ವೋಲ್ಟ್ ನೋಡುತ್ತದೆ, ಇನ್ನೊಂದು ಆಂಪ್ ನೋಡುತ್ತದೆ, ಎರಡೂ ಜಗ್ಗಾಡಿ ರಾಜಿಯಾದ ಕಡೆ ಮುಳ್ಳು ನಿಲ್ಲುತ್ತದೆ. ಹಿಡಿಕೆ ತಿರುಗಿಸದಿದ್ದಾಗ ಜಗ್ಗಾಟವಿಲ್ಲ, ಹಾಗಾಗಿ ಬಿಟ್ಟಲ್ಲೇ ಬಿದ್ದಿರುತ್ತದೆ. ಕಾಕಾ ಹಿಡಿಕೆ ತಿರುಗಿಸಿದರು. ನಿಮಿಷಕ್ಕೆ ಸುಮಾರು 160 ಸುತ್ತು ಮುಟ್ಟಿದರೆ ಒಳಗಿನ ಕ್ಲಚ್ ಜಾರಿ ವೇಗ ಅಲ್ಲಿಗೇ ನಿಲ್ಲುತ್ತದೆ, ವೋಲ್ಟೂ ನಿಲ್ಲುತ್ತದೆ. ಎರಡು ತಂತಿ ಬಿಡಿಯಾಗಿದ್ದಾಗ ಮುಳ್ಳು ಅನಂತಕ್ಕೆ ಸರಿಯಿತು. ತುದಿಗಳನ್ನು ಕೂಡಿಸಿ ತಿರುಗಿಸಿದಾಗ ಟಕ್ಕನೆ ಸೊನ್ನೆಗೆ ಬಂತು. "ಇದು ದಿನದ ಮೊದಲನೇ ಕೆಲಸ. ಈ ಎರಡೂ ನೋಡದ ಮೆಗ್ಗರ್ ಹಚ್ಚಿದವ್ನ ನಂಬಬಾರದು" ಅಂದರು.

ಮಾತು ಸುಮ್ಮನೆ ಬಂದದ್ದಲ್ಲ. ಕಳೆದ ಬೇಸಿಗೆಯಲ್ಲಿ ಗುರುಗುಂಟಾ ಕಡೆಯ ಒಂದು ಹೊಲದಲ್ಲಿ ಬೋರಿನ ಮೋಟರ್ ಹಚ್ಚಿದರೆ ಸಾಕು, ಸ್ಟಾರ್ಟರ್ ಬಿದ್ದುಹೋಗುತ್ತಿತ್ತು. ರೈತ ಕರೆದ ವೈರ್‌ಮನ್ ಹೊಸ ಡಿಜಿಟಲ್ ಮೆಗ್ಗರ್ ತಂದಿದ್ದ. ಕೇಬಲ್ಲಿನ ಮೂರೂ ಎಳೆಗೆ ಹಚ್ಚಿ ನೋಡಿದ. ಅಳತೆ ಮೀರಿ ಹೋಗಿದೆ ಅಂತ ಮೀಟರ್ ತೋರಿಸಿತು, ಅಂದರೆ ಹೊದಿಕೆ ವಜ್ರದಂತೆ ಗಟ್ಟಿ. "ಮೋಟರ್ ಫಸ್ಟ್ ಕ್ಲಾಸ್ ಐತ್ರಿ, ಸ್ಟಾರ್ಟರ್ ಹೋಗೈತಿ, ಹೊಸಾದು ತರ್ರಿ" ಅಂತ ತೀರ್ಪು ಕೊಟ್ಟ. ಕಾಕಾ ಮತ್ತು ನಾನು ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೊರಟವರು ಬೇವಿನ ನೆರಳಿಗೆ ನಿಂತಿದ್ದೆವು. ಎರಡು ಬೇಸಿಗೆ ನೀರಿನಲ್ಲಿ ಮುಳುಗಿದ ಮೋಟರ್ ಅಷ್ಟು ಚೊಕ್ಕ ರೀಡಿಂಗ್ ಕೊಟ್ಟದ್ದು ಕಾಕಾನಿಗೆ ಹಿಡಿಸಲಿಲ್ಲ. "ತಮ್ಮಾ, ಆ ಎರಡೂ ತುದಿ ಒಂದಕ್ಕೊಂದು ಮುಟ್ಟಿಸಿ ಒಮ್ಮಿ ಒತ್ತಪಾ." ಮುಟ್ಟಿಸಿದ. ಆಗಲೂ ಅಳತೆ ಮೀರಿದ್ದೇ! ಮೊಸಳೆ ಕ್ಲಿಪ್ಪಿನ ಕುತ್ತಿಗೆಯಲ್ಲಿ ತಂತಿ ಒಳಗೇ ತುಂಡಾಗಿತ್ತು, ಹೊರಗಿನ ರಬ್ಬರ್ ಮಾತ್ರ ನೆಟ್ಟಗಿತ್ತು. ಬೇರೆ ಲೀಡ್ ಹಾಕಿ ನೋಡಿದರೆ ಎಳೆಗೂ ನೆಲಕ್ಕೂ ನಡುವೆ ಸೊನ್ನೆ. ವೈಂಡಿಂಗ್ ಅರ್ಥ್ ಆಗಿತ್ತು. ಹೊಸ ಸ್ಟಾರ್ಟರಿನ ದುಡ್ಡು ಉಳಿಯಿತು, ಮೋಟರ್ ಎತ್ತುವ ಖರ್ಚು ಮಾತ್ರ ತಪ್ಪಲಿಲ್ಲ.

ಬೇರೆ ಮೀಟರ್ ಕೆಟ್ಟರೆ ಬಹಳ ಸಲ ಕೆಟ್ಟದ್ದನ್ನೇ ತೋರಿಸುತ್ತದೆ, ನಾವು ಎಚ್ಚರಾಗುತ್ತೇವೆ. ಮೆಗ್ಗರಿನ ಲೀಡ್ ತುಂಡಾದರೆ ಅದು ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ. ಹುಡುಗನಿಗೆ ಕಾಕಾ ಮೂರು ಸಲ ಹೇಳಿದ ಮಾತು ಇದೇ.

ಮನೆ ವೈರಿಂಗಿಗೆ 500 ವೋಲ್ಟಿನ ಮೆಗ್ಗರ್ ಸಾಕು. 1000 ವೋಲ್ಟೂ ಇದ್ದರೆ ಮೂರು ಫೇಸಿನ ಮೋಟರಿಗೆ ಆಗುತ್ತದೆ. 5000 ವೋಲ್ಟಿನದು ಕಂಪನಿಯವರಿಗೆ, ಜೆಸ್ಕಾಂನವರಿಗೆ ಇರಲಿ. ನಮ್ಮ ಕಾಯ್ದೆಯೂ ಸರಳವಾಗಿಯೇ ಇದೆ: 500 ವೋಲ್ಟ್ ಡಿ.ಸಿ.ಯನ್ನು ಒಂದು ನಿಮಿಷ ಕೊಟ್ಟಾಗ ತಂತಿಗೂ ನೆಲಕ್ಕೂ ನಡುವೆ ಕನಿಷ್ಠ 1 ಮೆಗಾ ಓಮ್ ಬರಬೇಕು. ಹೊಸ ಮನೆಯಲ್ಲಿ ನೂರಾರು ಮೆಗಾ ಓಮ್ ಬರುವುದು ಸಹಜ. ಹೊಸ ವೈರಿಂಗಿನಲ್ಲಿ ಒಂದೂವರೆ ಬಂತು, ಪಾಸಾಯಿತು ಅಂತ ಖುಷಿಪಡುವವನು ಪೈಪಿನೊಳಗೆ ಎಲ್ಲೋ ನೀರು ನಿಂತಿದೆ ಅಂತ ತಿಳಿಯಬೇಕು. ಇನ್ನೊಂದು ಎಚ್ಚರ: ಮೆಗ್ಗರ್ ಹಚ್ಚುವ ಮುಂಚೆ ಎಲ್‌ಇಡಿ ಬಲ್ಬು, ಟಿವಿ, ಇನ್ವರ್ಟರ್ ಎಲ್ಲ ಬಿಚ್ಚಿಡಬೇಕು. 500 ವೋಲ್ಟ್ ಅವುಗಳ ಹೊಟ್ಟೆಗೆ ಹೋದರೆ ಪರೀಕ್ಷೆ ಮಾಡಿದವನೇ ಹೊಸ ಬಲ್ಬ್ ಕೊಡಿಸಬೇಕಾಗುತ್ತದೆ.

ಹಳದಿ ಮೀಟರಿನ ವಿಷಯಕ್ಕೆ ಹುಡುಗ ಮತ್ತೆ ಬಂದ. ಐನೂರು ರೂಪಾಯಿಯ ಆಸೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಕಾಕಾ ಮೊಬೈಲಿನ ಚಿತ್ರವನ್ನು ಬೆರಳಿನಿಂದ ಅಗಲಿಸಿ ನನಗೂ ತೋರಿಸಿದರು. ಕೆಳಗೆ ಮೂರು ತೂತು. ಮೇಲಿನ 10 ಆಂಪಿಯರ್ ತೂತಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಅನ್‌ಫ್ಯೂಸ್ಡ್ ಅಂತ ಅವರೇ ಬರೆದಿದ್ದರು. ಒಳಗೆ ಫ್ಯೂಸೇ ಇಲ್ಲ. ಆಂಪ್ ಅಳೆದ ಮೇಲೆ ಕೆಂಪು ಲೀಡನ್ನು ಆ ತೂತಿನಲ್ಲೇ ಬಿಟ್ಟು, ಮರೆತು, ಮುಂದಿನ ಕೆಲಸಕ್ಕೆ ಮೇನ್ ಬೋರ್ಡಿನಲ್ಲಿ ವೋಲ್ಟ್ ನೋಡಲು ಹೋದರೆ ಎರಡು ಫೇಸಿನ ನಡುವೆ ದಪ್ಪ ತಾಮ್ರದ ತುಂಡು ಇಟ್ಟಂತೆಯೇ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಹತ್ತಿರ ಇದ್ದಷ್ಟೂ ಆ ಸ್ಫೋಟದ ರಭಸ ಜಾಸ್ತಿ. ಅದಕ್ಕೇ ಒಳ್ಳೆಯ ಮೀಟರಿನ ಮೇಲೆ ಕ್ಯಾಟ್ 2, ಕ್ಯಾಟ್ 3, ಕ್ಯಾಟ್ 4 ಅಂತ ದರ್ಜೆ ಹಾಕಿರುತ್ತಾರೆ. ಪ್ಲಗ್ಗಿಗೆ ಹಾಕುವ ಉಪಕರಣದ ಮಟ್ಟಿಗೆ 2, ಮನೆಯ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ 3, ಕಂಬದಿಂದ ಇಳಿದು ಬರುವ ಸರ್ವಿಸ್ ತಂತಿಗೆ 4. ಬರೆದ ಮಾತ್ರಕ್ಕೆ ಖರೆ ಆಗುವುದಿಲ್ಲ. ಹಿಂದಿನ ಮುಚ್ಚಳ ತೆಗೆದು ಫ್ಯೂಸ್ ನೋಡಬೇಕು. ಗಾಜಿನ ಪುಟ್ಟ ಕೊಳವೆ ಇದ್ದರೆ ವಾಪಸ್ ಇಡು, ದಪ್ಪನೆಯ ಪಿಂಗಾಣಿ ಫ್ಯೂಸ್ ಇದ್ದರೆ ಮುಂದಿನ ಮಾತು ಆಡು, ಇದು ಕಾಕಾನ ಅಂಗಡಿ ಪರೀಕ್ಷೆ. ಅದು ನಾಸಿಕದ ಮೋಟ್ವಾನೆಯದೋ ಅಮೆರಿಕದ ಫ್ಲೂಕ್ ಕಂಪನಿಯದೋ ಎಂಬ ಚರ್ಚೆಗೆ ಅವರು ಇಳಿಯಲಿಲ್ಲ. "ಹೆಸರು ನೋಡಿ ಹೆಣ್ಣು ಕೊಡಬ್ಯಾಡ" ಅಂದು ನಕ್ಕರು.

ಡಿಜಿಟಲ್ ಮೀಟರಿಗೆ ಇನ್ನೊಂದು ಚಾಳಿ ಉಂಟು. ಮೇನ್ ಆಫ್ ಮಾಡಿದ ತಂತಿಯಲ್ಲಿ ನಲವತ್ತೋ ಅರವತ್ತೋ ವೋಲ್ಟ್ ತೋರಿಸಿ ಹೊಸಬರನ್ನು ಗಾಬರಿ ಮಾಡುತ್ತದೆ. ಪಕ್ಕದ ತಂತಿಯಲ್ಲಿರುವ ವೋಲ್ಟಿನ ಪ್ರಭಾವ ಈ ಖಾಲಿ ತಂತಿಗೂ ಚೂರು ತಗಲುತ್ತದೆ. ಮೀಟರಿನ ಒಳಗಿನ ಅಡೆ ಸುಮಾರು 10 ಮೆಗಾ ಓಮ್, ಅಷ್ಟು ಚೂರನ್ನೂ ಅದು ಬಿಡದೆ ಎಣಿಸುತ್ತದೆ. ಹಳೆಯ ಟೆಸ್ಟ್ ಲ್ಯಾಂಪ್ ಹಚ್ಚಿದರೆ ಆ ಸುಳ್ಳು ವೋಲ್ಟ್ ತಕ್ಷಣ ಕರಗಿಹೋಗುತ್ತದೆ, ಬಲ್ಬ್ ಮಿಣಕ್ಕೂ ಅನ್ನುವುದಿಲ್ಲ. ಆದರೆ ಸುಳ್ಳು ವೋಲ್ಟಿಗೆ ಒಗ್ಗಿಹೋದ ವೈರ್‌ಮನ್, ನಿಜವಾದ ವೋಲ್ಟ್ ಬಂದಾಗಲೂ ಅದು ಸುಳ್ಳೇ ಅಂತ ಕೈ ಹಾಕುತ್ತಾನೆ. ಹಾಗಾಗಿ ಕಾಕಾನ ಪದ್ಧತಿ ಹೀಗೆ: ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಮೀಟರ್ ನೋಡು, ಆಮೇಲೆ ಆಫ್ ಮಾಡಿದ ತಂತಿಯಲ್ಲಿ ನೋಡು, ಮತ್ತೆ ಆ ಪ್ಲಗ್ಗಿಗೆ ಹೋಗಿ ನೋಡು. ನಡುವೆ ಮೀಟರೇ ಸತ್ತಿರಬಹುದಲ್ಲ.

ನಾನು ಬೇಕಂತಲೇ ಕೆಣಕಿದೆ. "ಕಾಕಾ, ಗಣಿಯೊಳಗೂ ಇದೇ ಮೀಟರಾ?"

ಅವರ ಮುಖ ಗಂಭೀರವಾಯಿತು. ಕೆಳಗೆ ಬಂಡೆಗೆ ತೂತು ಕೊರೆದು ಮದ್ದು ತುಂಬಿ, ಎಲೆಕ್ಟ್ರಿಕ್ ಡಿಟೋನೇಟರುಗಳ ತಂತಿ ಜೋಡಿಸಿದ ಮೇಲೆ, ಸಾಲು ಎಲ್ಲೂ ತುಂಡಾಗಿಲ್ಲ ಅಂತ ನೋಡಬೇಕು. ಅದಕ್ಕೆ ಮಾಮೂಲಿ ಮಲ್ಟಿಮೀಟರ್ ಮುಟ್ಟಿಸುವಂತಿಲ್ಲ, ಮೆಗ್ಗರಂತೂ ಕನಸಿನಲ್ಲೂ ಬೇಡ. ಓಮ್ ಅಳೆಯಲು ಯಾವ ಮೀಟರಾದರೂ ತನ್ನ ಬ್ಯಾಟರಿಯಿಂದ ಒಂದಿಷ್ಟು ಕರೆಂಟ್ ಬಿಡಲೇಬೇಕು. ಆ ಒಂದಿಷ್ಟೇ ಡಿಟೋನೇಟರಿಗೆ ಸಾಕಾಗಬಹುದು. ಅದಕ್ಕೆಂದೇ, ಬಿಡುವ ಕರೆಂಟನ್ನು ತೀರಾ ಕಡಿಮೆ ಮಟ್ಟಕ್ಕೆ ಕಟ್ಟಿಹಾಕಿದ ಬೇರೆ ಮೀಟರೇ ಬರುತ್ತದೆ, ಅದನ್ನೂ ಆಳು ದೂರ ಸರಿದ ಮೇಲೆ ಹಚ್ಚಬೇಕು. "ಅಳಿಯೋದು ಅಂದ್ರ ಬರೇ ನೋಡೋದು ಅಂತ ತಿಳಿದೀರಿ ಮಾಸ್ತರ. ಅಳಿಯೋದು ಅಂದ್ರ ಮುಟ್ಟೋದು." ಬೋರ್ಡಿನ ಮೇಲೆ ಓಮ್ ಮೀಟರ್ ಬರೆದ ಇಷ್ಟು ವರ್ಷಗಳಲ್ಲಿ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಕಪ್ಪು ಗೋಡೆಯ ಮೇಲಿಟ್ಟು ಅರ್ಥಿಂಗ್ ವಿಷಯಕ್ಕೆ ಇಳಿದೆವು. ಇದರಲ್ಲಿ ನಗಲಿಕ್ಕೆ ಬೇಕಾದಷ್ಟಿದೆ. ಮನೆಯ ಹಿತ್ತಲಲ್ಲಿ ಗುಂಡಿ ತೋಡಿ, ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಇದ್ದಲಿ ಒಂದು ಪದರ, ಉಪ್ಪು ಒಂದು ಪದರ ಹಾಕಿ ಮುಚ್ಚುತ್ತೇವೆ. ಆಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ. ಎಲ್ಲಾದರೂ ತಪಾಸಣೆ ಇದೆ ಅಂತ ಗೊತ್ತಾದರೆ ಮಾತ್ರ ಹಿಂದಿನ ರಾತ್ರಿ ಕೊಡಗಟ್ಟಲೆ ನೀರು, ಮೇಲೊಂದು ಬುಟ್ಟಿ ಉಪ್ಪು. ಬೆಳಿಗ್ಗೆ ಅರ್ಥ್ ಟೆಸ್ಟರ್ ಹಚ್ಚಿದಾಗ ಎರಡು ಓಮ್ ಅಂತ ಚೆಂದದ ಅಂಕಿ. ಎಂಟು ದಿನ ಬಿಟ್ಟು ಬಂದು ನೋಡಿ, ಆಗ ಗೊತ್ತಾಗುತ್ತದೆ. ಸಿಂಧನೂರಿನ ಕಾಲುವೆ ಕೆಳಗಿನ ಎರೆ ನೆಲದಲ್ಲಿ ತೇವ ಇರುವವರೆಗೆ ಅರ್ಥ್ ತಾನಾಗಿ ಚೆನ್ನಾಗಿ ಬರುತ್ತದೆ, ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು ಪೈಪನ್ನೇ ಕೈಬಿಡುತ್ತದೆ. ನಮ್ಮ ಹಟ್ಟಿಯದು ಕಲ್ಲು ಮತ್ತು ಗರಸು, ಇಲ್ಲಿ ಒಂದು ಪೈಪಿನಿಂದ ಆಗುವ ಮಾತೇ ಅಲ್ಲ. ಅಳೆಯುವುದಾದರೆ ಏಪ್ರಿಲ್–ಮೇನಲ್ಲಿ ಅಳೆಯಬೇಕು. ಮಳೆಗಾಲದ ರೀಡಿಂಗ್ ನೆಲದ್ದಲ್ಲ, ಮಳೆಯದು.

ನೆಲದೊಳಗೆ ಇಣುಕುವ ಗೀಳು ನಮ್ಮ ಭಾಗಕ್ಕೆ ಹಳೆಯದು ಬಿಡಿ. ಮಸ್ಕಿಯ ಬೆಟ್ಟದಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ಸರಿಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಫ್ರಾಂಕ್ ವೆನ್ನರ್ ಎಂಬಾತ ನೆಲಕ್ಕೆ ಸಮ ಅಂತರದಲ್ಲಿ ನಾಲ್ಕು ಗೂಟ ಬಡಿದು, ಹೊರಗಿನ ಎರಡರಿಂದ ಕರೆಂಟ್ ಬಿಟ್ಟು, ಒಳಗಿನ ಎರಡರಿಂದ ವೋಲ್ಟ್ ನೋಡಿ, ನೆಲದ ಗುಣ ಲೆಕ್ಕ ಹಾಕುವ ದಾರಿ ಬರೆದಿಟ್ಟ. ಬೋರ್ ಪಾಯಿಂಟ್ ನೋಡಲು ಬರುವ ಜಿಯಾಲಜಿಸ್ಟ್ ಇವತ್ತಿಗೂ ಹೊಲದಲ್ಲಿ ನಾಲ್ಕು ಗೂಟ ಬಡಿಯುತ್ತಾನಲ್ಲ, ಅದರ ಮೂಲ ಇದು. ತೆಂಗಿನಕಾಯಿ ಹಿಡಿದು ಬರುವವನ ಮೂಲ ನನಗೆ ತಿಳಿಯದು.

"ಎರಡು ಓಮ್ ಬಂದ್ರೇನು, ಐದು ಬಂದ್ರೇನು ಸರ್, ಶಾಕ್ ಹೊಡಿಯಾಂಗಿಲ್ಲಲ್ಲ?" ಅಂದ ಹುಡುಗ. ಇಲ್ಲಿ ಮಾಸ್ತರನಿಗೆ ಅವಕಾಶ ಸಿಕ್ಕಿತು. ನೆಲದ ಧೂಳಿನ ಮೇಲೆ ಕಡ್ಡಿಯಿಂದ ಲೆಕ್ಕ ಬರೆದೆ. ಮನೆಯ ಅರ್ಥ್ 5 ಓಮ್ ಇರಲಿ, ಟಿಸಿಯ ಅರ್ಥ್ 2 ಓಮ್ ಇರಲಿ. ಫ್ರಿಜ್ಜಿನೊಳಗೆ ಫೇಸ್ ತಂತಿ ಅದರ ತಗಡಿಗೆ ತಾಗಿತು. 230ನ್ನು 7ರಿಂದ ಭಾಗಿಸಿದರೆ ಹರಿಯುವುದು ಸುಮಾರು 33 ಆಂಪಿಯರ್. ಮೇನಿಗೆ ಹಾಕಿದ್ದು 32 ಆಂಪಿಯರಿನ ಎಂಸಿಬಿ. 33ಕ್ಕೆ ಅದು ಗಂಟೆ ಕಳೆದರೂ ಬೀಳಬೇಕೆಂದೇನಿಲ್ಲ. ಅಷ್ಟು ಹೊತ್ತೂ ಫ್ರಿಜ್ಜಿನ ಮೈಮೇಲೆ 33 ಗುಣಿಲೆ 5, ಅಂದರೆ ಹತ್ತಿರಹತ್ತಿರ 165 ವೋಲ್ಟ್ ನಿಂತಿರುತ್ತದೆ. ಅರ್ಥಿಂಗ್ ಇದೆ, ಎಂಸಿಬಿ ಇದೆ, ಬಿಲ್ಲೂ ಇದೆ, ಮಗು ಬಾಗಿಲು ಹಿಡಿದರೆ ಶಾಕೂ ಇದೆ. ನೆಲಕ್ಕೆ ಸೋರುವ ಕರೆಂಟನ್ನು ಹಿಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿದ್ದರೆ ಅದೇ ತಪ್ಪಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಒಳಗಿನ ಯಂತ್ರ ಸರಿ ಇದೆ ಅಂತ ಮಾತ್ರ ಅರ್ಥ, ಹಿತ್ತಲಿನ ಪೈಪಿಗೆ ಅದರಿಂದ ಸರ್ಟಿಫಿಕೇಟ್ ಸಿಕ್ಕಂತಲ್ಲ. ಹುಡುಗ ಧೂಳಿನ ಲೆಕ್ಕವನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಕಾಕಾ ಏನೂ ಅನ್ನಲಿಲ್ಲ, ಅದನ್ನೇ ನಾನು ಮೆಚ್ಚುಗೆ ಅಂದುಕೊಂಡೆ.

ಕೊನೆಗೆ ಬಂದದ್ದು ಕ್ಯಾಲಿಬ್ರೇಷನ್. "ಸರ್ಟಿಫಿಕೇಟ್ ಇದ್ದ ಮೀಟರ್ ತಗೊಂಡ್ರ ಆತು ಬಿಡು" ಎಂಬ ಹುಡುಗನ ಮಾತಿಗೆ ಮಾಮ ಹಣೆ ಚಚ್ಚಿಕೊಂಡರು. ಕ್ಯಾಲಿಬ್ರೇಷನ್ ಅಂದರೆ ರಿಪೇರಿ ಅಂತಲೇ ಬಹಳ ಜನರ ತಿಳುವಳಿಕೆ. ಅದು ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ನೋಡುವ ಕೆಲಸ. ಬಂಗಾರವನ್ನು ಅದು ಚೊಕ್ಕ ಮಾಡುವುದಿಲ್ಲ, ಎಷ್ಟು ಚೊಕ್ಕ ಅಂತ ಹೇಳುತ್ತದೆ. ಗೊತ್ತಿರುವ 1 ಮೆಗಾ ಓಮಿಗೆ ನಿಮ್ಮ ಮೀಟರ್ ಎಷ್ಟು ತೋರಿಸಿತು, ಆ ಹೋಲಿಕೆಯಲ್ಲೇ ಎಷ್ಟು ಅನುಮಾನವಿದೆ, ಇಷ್ಟನ್ನು ಬರೆದು ಕೊಡುತ್ತಾರೆ. ಆ ಪ್ರಯೋಗಾಲಯದ ಓಮ್ ಇನ್ನೊಂದು ಮೇಲಿನ ಪ್ರಯೋಗಾಲಯದ ಓಮಿಗೆ ಹೋಲಿಸಿದ್ದು, ಹಾಗೇ ಏರುತ್ತಾ ಹೋದರೆ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ.

"ಅವ್ರು ಯಾರಿಗೆ ಹೋಲಿಸ್ತಾರ?" ಕಾಕಾನೇ ಕೇಳಿದರು. ಹಿಂದೆ ಓಮಿನ ಅಳತೆ ಪಾದರಸದಲ್ಲಿತ್ತು. ಮಂಜು ಕರಗುವ ಶೈತ್ಯದಲ್ಲಿ 106.3 ಸೆಂಟಿಮೀಟರ್ ಉದ್ದದ, 14.4521 ಗ್ರಾಂ ತೂಗುವ ಪಾದರಸದ ಕಂಬಕ್ಕೆ ಒಂದು ಓಮ್ ಅಂತ 1893ರಲ್ಲಿ ಷಿಕಾಗೋದಲ್ಲಿ ಒಪ್ಪಿಕೊಂಡಿದ್ದರು. 1980ರಲ್ಲಿ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಸಿಂಗ್ ಗಟ್ಟಿ ಚುಂಬಕ, ಮೈ ಕೊರೆಯುವ ಶೈತ್ಯದಲ್ಲಿ ಒಂದು ತೆಳು ಪದರವನ್ನು ಅಳೆದಾಗ, ಅದರ ಅಡೆ ಯಾವ ತುಂಡಿನಲ್ಲಿ ನೋಡಿದರೂ ಒಂದೇ ಅಂಕಿಯ ಭಾಗಗಳಾಗಿ ಬರುತ್ತಿತ್ತು: 25,812.807 ಓಮ್. ಅದಕ್ಕೆ 1985ರ ನೊಬೆಲ್ ಬಂತು. 2019ರ ಮೇ 20ರಿಂದ ಜಗತ್ತಿನ ಅಳತೆಯೆಲ್ಲ ಇಂಥ ಪ್ರಕೃತಿಯ ಸ್ಥಿರಾಂಕಗಳ ಮೇಲೇ ನಿಂತಿದೆ. "ಪಾದರಸ ಅಂದ್ರ ಚಿನ್ನ ಹಿಡಿಯಾಕ ಅಂತ ತಿಳಿದಿದ್ದೆ, ಓಮ್ ಹಿಡಿಯಾಕೂ ಇತ್ತೇನು" ಅಂದರು ಕಾಕಾ.

ಸರ್ಟಿಫಿಕೇಟಿನಲ್ಲಿ ನೋಡಬೇಕಾದ್ದು ಮುದ್ರೆಗಿಂತ ಹೆಚ್ಚಾಗಿ ಅಂಕಿ. ಸೀರಿಯಲ್ ನಂಬರ್ ನಿಮ್ಮ ಮೀಟರಿನದೇ ತಾನೆ, ಯಾವ ಯಾವ ಅಳತೆಯಲ್ಲಿ ನೋಡಿದರು, ಎನ್‌ಎಬಿಎಲ್ ಮಾನ್ಯತೆ ಆ ಅಳತೆಗೆ ಉಂಟೋ ಇಲ್ಲವೋ. ಬರೀ ಪಾಸ್ ಅಂತ ಸ್ಟಿಕ್ಕರ್ ಅಂಟಿಸಿ ಕೊಟ್ಟರೆ ಅದು ಗಾಡಿಯ ಹಿಂದೆ ನಿಂಬೆಹಣ್ಣು ಕಟ್ಟಿದಷ್ಟೇ. ವರ್ಷಕ್ಕೊಮ್ಮೆ ಕಳಿಸುವುದು ರೂಢಿ, ಆದರೆ ಗಡುವು ಗೊತ್ತುಮಾಡುವುದು ಮಾಲೀಕನ ಹೊಣೆ. ಐಎಸ್ಒ 17025 ಪ್ರಕಾರ, ಗಿರಾಕಿ ಒಪ್ಪದೆ ಪ್ರಯೋಗಾಲಯ ಮುಂದಿನ ತಾರೀಖನ್ನು ಸರ್ಟಿಫಿಕೇಟಿನಲ್ಲಿ ಸೂಚಿಸುವಂತಿಲ್ಲ. ಇದು ಬಹಳ ಜನ ಗಮನಿಸದ ಸಂಗತಿ. ಒಂದು ವೇಳೆ ಕಳಿಸಿದಾಗ ಮೀಟರ್ ತಪ್ಪು ಹೇಳುತ್ತಿತ್ತು ಅಂತ ಬಂದರೆ, ಸರಿಮಾಡಿಸಿಕೊಂಡು ಸುಮ್ಮನಾಗುವಂತಿಲ್ಲ. ಹಿಂದಿನ ಕ್ಯಾಲಿಬ್ರೇಷನ್ನಿನಿಂದ ಈಚೆಗೆ ಪಾಸು ಮಾಡಿದ ಮನೆಗಳೆಲ್ಲ ಅನುಮಾನಕ್ಕೆ ಬಿದ್ದವು. ಯಾವಾಗಿನಿಂದ ಕೆಟ್ಟಿತ್ತು ಅಂತ ಯಾರು ಹೇಳಬೇಕು?

ಅದಕ್ಕೆ ಕಾಕಾನ ಹತ್ತಿರ ಒಂದು ಡಬ್ಬಿ ಇದೆ. ಸ್ವಿಚ್ ಬೋರ್ಡಿನ ಪ್ಲಾಸ್ಟಿಕ್ ಡಬ್ಬಿ, ಮೇಲೆ ಸ್ಕ್ರೂ ಟರ್ಮಿನಲ್ಲುಗಳ ಸಾಲು. ಒಳಗೆ, ಬೆಂಗಳೂರಿನ ಎಸ್.ಪಿ. ರೋಡಿನಿಂದ ಯಾರ ಕೈಯಲ್ಲೋ ತರಿಸಿದ, ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪದ ರೆಸಿಸ್ಟರುಗಳು. 1 ಮೆಗಾ ಓಮಿಗೆ ಒಂದೇ ರೆಸಿಸ್ಟರ್ ಹಾಕಿಲ್ಲ, 100 ಕಿಲೋ ಓಮಿನವು ಹತ್ತನ್ನು ಸಾಲಾಗಿ ಬೆಸೆದಿದ್ದಾರೆ. ಯಾಕಂತ ಕೇಳಿದೆ. ಸಣ್ಣ ರೆಸಿಸ್ಟರ್ ಒಂದೇ 500 ವೋಲ್ಟ್ ತಾಳುವುದಿಲ್ಲ, ಹತ್ತಕ್ಕೆ ಹಂಚಿದರೆ ಒಂದೊಂದಕ್ಕೆ 50 ವೋಲ್ಟ್ ಮಾತ್ರ. ಜೊತೆಗೆ ಕಂಟಿನ್ಯೂಟಿಗೆ 1 ಓಮ್, ಅರ್ಥ್ ಟೆಸ್ಟರಿಗೆ 10 ಓಮ್. ಅರ್ಥ್ ಟೆಸ್ಟರಿನ ಎರಡು ಗೂಟದ ತಂತಿಗಳನ್ನು ಒಂದು ತುದಿಗೆ ಕೂಡಿಸಿ, ಅರ್ಥಿನ ತಂತಿಯನ್ನು ಇನ್ನೊಂದು ತುದಿಗೆ ಕೊಟ್ಟರೆ ಮೀಟರ್ 10 ತೋರಿಸಬೇಕು. ಡಬ್ಬಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಒಂದು ನೋಟ್‌ಬುಕ್ಕು. ತಾರೀಖು, ಬೆಳಿಗ್ಗೆಯೋ ಮಧ್ಯಾಹ್ನವೋ, ಬ್ಯಾಟರಿ ಹೊಸದೋ ಹಳೆಯದೋ, 0.99, 0.99, 1.00, 0.99. ಒಂದು ಕಡೆ 0.91 ಅಂತಿತ್ತು, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ "ಸೆಲ್ ಬದಲಿ".

"ಇದು ಕ್ಯಾಲಿಬ್ರೇಷನ್ ಅಲ್ಲ ಮಾಸ್ತರ. ಇದು ಬರೇ ಇವತ್ತಿನ ಮೀಟರ್ ನಿನ್ನಿನಂಗ ಐತೋ ಇಲ್ಲೋ ಅಂತ ನೋಡೋದು." ಕೊರಿಯರಿನಲ್ಲಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬಂದ ಮೀಟರನ್ನೂ ಅವರು ಮೊದಲು ಈ ಡಬ್ಬಿಗೆ ಹಚ್ಚಿ ನೋಡುತ್ತಾರೆ. ದಾರಿಯಲ್ಲಿ ಪಾರ್ಸೆಲ್ ಎಸೆದವನಿಗೆ ಸರ್ಟಿಫಿಕೇಟ್ ಓದಲು ಬರುವುದಿಲ್ಲ.

ಒಂದು ಮಾತು ಹುಡುಗನಿಗೆ ಹೇಳಲು ಮರೆತಿದ್ದರು, ಅವನು ಬೈಕ್ ಹಚ್ಚಿದ ಮೇಲೆ ಕೂಗಿ ಹೇಳಿದರು: ಮೋಟರಿಗೆ ಮೆಗ್ಗರ್ ಹಚ್ಚಿದರೆ ಶಾಖವನ್ನೂ ಬರೆದುಕೋ. ವೈಂಡಿಂಗ್ 10 ಡಿಗ್ರಿ ಕಾದರೆ ರೀಡಿಂಗ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜನವರಿಯ ಬೆಳಗಿನ 20 ಮೆಗಾ ಓಮನ್ನೂ ಮೇ ಮಧ್ಯಾಹ್ನದ 5 ಮೆಗಾ ಓಮನ್ನೂ ಪಕ್ಕಪಕ್ಕ ಇಟ್ಟು ಮೋಟರ್ ಕೆಟ್ಟಿತು ಅಂತ ಎತ್ತಿಸಿದರೆ ರೈತನ ಶಾಪ ತಟ್ಟುತ್ತದೆ. ಹುಡುಗ ಕೇಳಿಸಿಕೊಂಡನೋ ಇಲ್ಲವೋ. ಆದರೆ ತಿಂಗಳು ಕಳೆದ ಮೇಲೆ ಬಂದಾಗ ಅವನ ಚೀಲದಲ್ಲಿ 500 ಮತ್ತು 1000 ವೋಲ್ಟಿನ ಒಂದು ಮೆಗ್ಗರ್ ಇತ್ತು, ಸೊಂಟದಲ್ಲಿ ಟಾಂಗ್ ಟೆಸ್ಟರ್ ಇರಲಿಲ್ಲ.

ಹೊಸ ಮನೆ ಕಟ್ಟಿಸುತ್ತಿರುವವರು ಒಂದಿಷ್ಟು ಕಿವಿಗೊಡಿ. ಮೇಸ್ತ್ರಿಗೆ, ಟೈಲ್ಸಿನವನಿಗೆ ನಾಲ್ಕು ಸಲ ಎಡತಾಕುತ್ತೀರಿ, ವೈರ್‌ಮನ್ನನ ಹತ್ತಿರ ಸ್ವಿಚ್ಚಿನ ಬಣ್ಣದ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಅವನ ಕೊನೆಯ ಕಂತು ಕೊಡುವ ಮುಂಚೆ ಎದುರಿಗೆ ನಿಂತು ಮೆಗ್ಗರ್ ಹಚ್ಚಿಸಿ. ಮೊದಲು ಎರಡು ಲೀಡ್ ಕೂಡಿಸಿ ಸೊನ್ನೆ ತೋರಿಸು, ಬಿಡಿಸಿ ಅನಂತ ತೋರಿಸು ಅನ್ನಿ. ಆಮೇಲೆ ಬಂದ ರೀಡಿಂಗು, ಅರ್ಥಿನ ಓಮು, ಆರ್‌ಸಿಸಿಬಿ ಬಿದ್ದದ್ದು, ತಾರೀಖು ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿ ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮೆಗ್ಗರ್ ಇಲ್ಲ ಅಂದರೆ ತಂದ ಮೇಲೆ ದುಡ್ಡು ಕೊಡಿ.